ಸ್ಪ್ಯಾನಿಷ್ ಪದಗಳು ತಲೆಯಲ್ಲಿ ನಿಲ್ಲುತ್ತಲೇ ಇಲ್ಲ, ಏನಾದರೂ ದಾರಿ ಹೇಳಿ

ಹಾಸನದ ಹುಡುಗಿ:
ವಲೆನ್ಸಿಯಾಕ್ಕೆ ಬಂದು ಐದು ತಿಂಗಳಾಯಿತು. ಆ್ಯಪ್‌ನಲ್ಲಿ ದಿನಾ 20 ಪದ ಉರು ಹೊಡೆಯುತ್ತೇನೆ. ಬೆಳಗಾದರೆ ನಾಲ್ಕೂ ಇರುವುದಿಲ್ಲ. ಮೊನ್ನೆ ಅಂಗಡಿಯಲ್ಲಿ ಸೋಪು ಬೇಕಿತ್ತು. ಧೈರ್ಯ ಮಾಡಿ ‘ಸೋಪಾ’ ಅಂದೆ. ಆಯಮ್ಮ ಸೂಪಿನ ಪ್ಯಾಕೆಟ್ ತಂದು ಮುಂದಿಟ್ಟರು! ಮೈ ತೊಳೆಯುವ ಹಾಗೆ ಕೈಸನ್ನೆ ಮಾಡಿದ ಮೇಲೆ ಗೊತ್ತಾಯಿತು, ಸೋಪಿಗೆ ಇಲ್ಲಿ ‘ಹಬೋನ್’ ಅನ್ನಬೇಕಂತೆ.

ಆದರೆ ಕಿತ್ತಳೆಗೆ ‘ನರಾನ್ಹಾ’ ಅನ್ನುವುದು ಮಾತ್ರ ಮೊದಲ ದಿನವೇ ಕೂತುಬಿಟ್ಟಿತು. ಹಿಂದಿಯ ನಾರಂಗಿ ಕಿವಿಗೆ ಬಿದ್ದಿತ್ತಲ್ಲ, ಅದಕ್ಕೇ ಇರಬೇಕು. ಇಂಥವು ಇನ್ನೂ ಇದ್ದರೆ ಹೇಳಿ.

ಹಳೇ ಮೇಷ್ಟ್ರು:
ಬೇಕಾದಷ್ಟು ಇವೆಯಮ್ಮ. ನಿಮ್ಮ ನರಾನ್ಹಾ ಸಂಸ್ಕೃತದ ನಾರಂಗವೇ. ಪರ್ಷಿಯನ್, ಅರಬ್ಬಿ ದಾಟಿ ಅಲ್ಲಿಗೆ ಹೋಗಿದೆ. 711ರಿಂದ 1492ರವರೆಗೆ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಅರಸರು ಇದ್ದರು. ಅರಬ್ಬಿ ಪದಗಳು ಅಡುಗೆಮನೆಗೂ ನುಗ್ಗಿದವು. ಸಕ್ಕರೆಗೆ ‘ಅಥೂಕರ್’ ಅನ್ನುತ್ತಾರಲ್ಲ, ಅದು ಅರಬ್ಬಿಯ ‘ಅಸ್ಸುಕ್ಕರ್’. ಅದರ ಹಿಂದೆ ಇರುವುದು ಶರ್ಕರಾ. ನಮ್ಮ ಸಕ್ಕರೆಯೂ ಅದರದೇ ಕೂಸು. ಚದುರಂಗ ಹೀಗೇ ಅಲೆದಲೆದು ಅಲ್ಲಿ ‘ಅಹೆದ್ರೆಥ್’ ಆಗಿದೆ. ಪಾಪ, ಗುರುತೇ ಸಿಗುವುದಿಲ್ಲ.

ವಾರದ ದಿನಗಳನ್ನಂತೂ ಉರು ಹೊಡೆಯಲೇಬೇಡಿ. ‘ಲೂನೆಸ್’ ಅಂದರೆ ಚಂದ್ರನದು, ಸೋಮವಾರ. ಆಮೇಲೆ ಮಾರ್ತೆಸ್, ಮಿಯೆರ್ಕೊಲೆಸ್, ಹುವೆವೆಸ್, ವಿಯೆರ್ನೆಸ್. ಮಂಗಳ, ಬುಧ, ಗುರು, ಶುಕ್ರ. ನಮ್ಮದೇ ಸಾಲು! ಶನಿವಾರ, ಭಾನುವಾರ ಮಾತ್ರ ಕೈಕೊಡುತ್ತವೆ.

ಕರಾವಳಿ ಕಾಗೆ:
ಮಂಗಳೂರಿನವರಿಗೆ ಇದು ಸ್ವಲ್ಪ ಸಲೀಸು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಅವರ ಪದಗಳು ಕರಾವಳಿಯಲ್ಲೆಲ್ಲ ಹರಡಿದವು. ಪೋರ್ಚುಗೀಸ್ ಅಂದರೆ ಸ್ಪ್ಯಾನಿಷ್‌ನ ತಂಗಿ ಇದ್ದ ಹಾಗೆ. ನಮ್ಮ ಮೇಜು ಅಲ್ಲಿ ‘ಮೇಸಾ’. ಪಾದ್ರಿ ‘ಪಾದ್ರೆ’, ಹಾಗಂದರೆ ಅಪ್ಪ ಕೂಡ. ಚಾವಿ ಅಲ್ಲಿ ‘ಯಾವೆ’. ನಿಮ್ಮ ಹಬೋನ್ ಬೇರೆ ಯಾರೂ ಅಲ್ಲ, ಸಾಬೂನು. ಎರಡಕ್ಕೂ ಮೂಲ ಲ್ಯಾಟಿನ್. ಸಾಬೂನು ಅಂದಿದ್ದರೆ ಆಯಮ್ಮನಿಗೆ ಅರ್ಥವಾಗುತ್ತಿತ್ತೋ ಏನೋ!

ಧಾರವಾಡದ ಪೇಢಾ:
ಪಗಾರ ಬಿಟ್ಟಿರಲ್ಲ! ನಮ್ಮ ಕಡೆ ಸಂಬಳಕ್ಕೆ ಅದೇ ಮಾತು. ಸ್ಪ್ಯಾನಿಷ್‌ನಲ್ಲಿ ‘ಪಗಾರ್’ ಅಂದರೆ ದುಡ್ಡು ಕೊಡುವುದು. ಪಗಾರ ಎಣಿಸುವಾಗೆಲ್ಲ ನೆನಪಾಗುತ್ತದೆ.

ಹಾಸನದ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆ ತುಂಬಾ ಚೀಟಿ ಅಂಟಿಸಿದ್ದೇನೆ. ಮೇಜಿನ ಮೇಲೆ ಮೇಸಾ, ಬಾಗಿಲ ಹಿಂದೆ ಯಾವೆ. ಕಿಟಕಿಗೆ ಮಾತ್ರ ಏನೂ ಹೊಂದಲಿಲ್ಲ, ‘ವೆಂತಾನಾ’ ಅಂತೆ. ಇನ್ನೊಂದು ತಮಾಷೆ ಸಿಕ್ಕಿತು. ಇಲ್ಲಿ ‘ಅಲ್ಲಿ’ ಅಂತ ಬರೆದರೆ ಅಲ್ಲಿ ಅಂತಲೇ ಅರ್ಥ! ಇದೂ ನಂಟೇ ಅಲ್ವಾ?

ಹಳೇ ಮೇಷ್ಟ್ರು:
ಅಲ್ಲ, ಅದು ಸುಮ್ನೆ ಕಾಕತಾಳೀಯ. ಅವರದು ಲ್ಯಾಟಿನ್‌ನಿಂದ ಬಂದದ್ದು, ನಮ್ಮದು ದ್ರಾವಿಡ. ಓದುವಾಗಲೂ ‘ಅಯೀ’ ಅನ್ನಬೇಕು. ಕಂಡದ್ದಕ್ಕೆಲ್ಲ ಬೀಗತನ ಬೆಳೆಸಬೇಡಿ. ನೆನಪಿಗೆ ಬೇಕಾದರೆ ಇಟ್ಟುಕೊಳ್ಳಿ. ವೆಂತಾನಾದ ಹೊಟ್ಟೆಯಲ್ಲಿ ಗಾಳಿ ಇದೆ, ಗಾಳಿಗೆ ಅವರು ‘ವಿಯೆಂತೊ’ ಅನ್ನುತ್ತಾರೆ. ನಮ್ಮ ಗಾಳಿಕಂಡಿ ಅಂದುಕೊಳ್ಳಿ.

ಹಾಸನದ ಹುಡುಗಿ:
ಸರಿ ಸಾರ್. ಬೆಣ್ಣೆಹಣ್ಣಿಗೆ ‘ಅಗುವಾಕಾತೆ’ ಅನ್ನುತ್ತಾರಲ್ಲ, ಅದಕ್ಕೇನಾದರೂ ಇದೆಯಾ?

ಹಳೇ ಮೇಷ್ಟ್ರು:
ಅದು ಮೆಕ್ಸಿಕೋದ ನಹುವಾಟ್ಲ್ ಭಾಷೆಯದು. ಟೊಮೇಟೊನೂ ಅಲ್ಲಿಯದೇ. ಟೊಮೇಟೊ ಬಿಟ್ಟಿ ಸಿಕ್ಕಿತು, ಅಗುವಾಕಾತೆಯನ್ನು ಮಾತ್ರ ಉರು ಹೊಡೆಯಲೇಬೇಕು.