ದೊಡ್ಡ ಮನೆನಾ, ಹತ್ತಿರದ ಜನನಾ? (ಟೌನ್‌ಹೌಸ್ ಪ್ರಶ್ನೆಗೆ ನನ್ನ ಉದ್ದದ ಉತ್ತರ)

ಇಲ್ಲಿ ಅಮೆರಿಕದಲ್ಲಿ ಟೌನ್‌ಹೌಸ್ (ಅಕ್ಕಪಕ್ಕದ ಗೋಡೆ ಅಂಟ್ಕೊಂಡಿರೋ ಸಾಲುಮನೆ) ತಗೊಳ್ಳೋದಾ ಇಲ್ಲಾ ಮುಕ್ಕಾಲು ಗಂಟೆ ದೂರ ಹೋಗಿ ಐದು ಬೆಡ್‌ರೂಮಿನ ಮನೆ ತಗೊಳ್ಳೋದಾ ಅಂತ ಕೇಳಿರೋ ತಮ್ಮಂಗೆ ನಿನ್ನೆಯಿಂದ ಮೂರು ಸಲ ಟೈಪ್ ಮಾಡಿ ಅಳಿಸಿದ್ದೀನಿ, ಇವತ್ತು ಮಕ್ಕಳು ಮಲಗಿದ್ಮೇಲೆ ಕಾಫಿ ಇಟ್ಕೊಂಡು ಕೂತಿದೀನಿ, ಉದ್ದ ಆದ್ರೆ ಬೈಕೋಬೇಡಿ. ಮೇಲಿನ ಕಾಮೆಂಟುಗಳಲ್ಲಿ ಎಲ್ರೂ ಸ್ಕೂಲ್ ರೇಟಿಂಗು, ಪ್ರಾಪರ್ಟಿ ಟ್ಯಾಕ್ಸು, ರೀಸೇಲು ಎಲ್ಲ ಬರೆದಿದ್ದಾರೆ. ಎಲ್ಲಾ ಸರಿನೇ. ಆದ್ರೆ ಒಂದು ವಿಷ್ಯ ಯಾರೂ ಎತ್ತಲಿಲ್ಲ, ರಾತ್ರಿ ಹನ್ನೊಂದಕ್ಕೆ ಮಗು ಮೈ ಸುಡ್ತಾ ಇದ್ರೆ ಚಪ್ಪಲಿ ಹಾಕ್ಕೊಂಡು ಹೋಗಿ ಯಾರ ಮನೆ ಬಾಗಿಲು ತಟ್ತೀರ?

ನಮ್ಮ ಕತೆ ಹೇಳ್ತೀನಿ. ನಾವು ಪೆನ್ಸಿಲ್ವೇನಿಯಾದ ಲೀಹೈ ವ್ಯಾಲಿ ಕಡೆ ಇರೋರು. 2016ರಲ್ಲಿ ನಿಮ್ಮ ಹಾಗೇ ಯೋಚನೆ ಮಾಡಿ ಊರಾಚೆ ಒಂದು ಎಕರೆ ಜಾಗದಲ್ಲಿ ದೊಡ್ಡ ಮನೆ ತಗೊಂಡ್ವಿ. ಗೃಹಪ್ರವೇಶಕ್ಕೆ ಎಂಬತ್ತು ಜನ ಬಂದಿದ್ರು, ಎಲ್ರೂ ಎಷ್ಟು ಚೆನ್ನಾಗಿದೆ ಎಷ್ಟು ಚೆನ್ನಾಗಿದೆ ಅಂದು ಹೋಳಿಗೆ ತಿಂದು ಹೋದ್ರು, ಆಮೇಲೆ ಒಂದು ವರ್ಷ ಆ ಮನೆಗೆ ಹೇಳದೇ ಕೇಳದೇ ಬಂದ ಮನುಷ್ಯ ಅಂದ್ರೆ ಪಾರ್ಸಲ್ ಹುಡುಗ ಒಬ್ಬನೇ. ಎರಡನೇ ಮಗು ಹುಟ್ಟಿದ್ದು ಜನವರೀಲಿ. ಅಮ್ಮಂಗೆ ವೀಸಾ ಡೇಟ್ ಸಿಗ್ಲಿಲ್ಲ, ಅತ್ತೆಗೆ ಮಂಡಿ ಆಪರೇಷನ್ನು, ಹಾಗಾಗಿ ಬಾಣಂತನ ಅಂತ ಏನೂ ಇಲ್ಲ, ಇವರು ಹದಿನೈದು ದಿನ ರಜ ಹಾಕಿ ಯೂಟ್ಯೂಬ್ ನೋಡ್ಕೊಂಡು ಮೆಣಸಿನ ಸಾರು ಮಾಡಿ ಹಾಕಿದ್ರು. ರಜ ಮುಗಿದ ವಾರವೇ ಟೆಕ್ಸಾಸ್‌ಗೆ ಟ್ರಿಪ್ಪು. ಅವತ್ತು ರಾತ್ರಿ ಹಿಮ ಬೀಳ್ತಿತ್ತು, ದೊಡ್ಡವನಿಗೆ 104 ಜ್ವರ, ಕೈಯಲ್ಲಿ ಮೂರು ವಾರದ ಕೂಸು. ಫೋನಲ್ಲಿ ನೂರ ಎಂಬತ್ತು ಜನ ಇರೋ ಕನ್ನಡ ವಾಟ್ಸಾಪ್ ಗ್ರೂಪು ತೆಗೆದು ನೋಡ್ದೆ. ಹಿಂದಿನ ಮೆಸೇಜು ಯಾರದೋ ಮಗ ಪಿಯಾನೋದಲ್ಲಿ ಪ್ರೈಜ್ ತಗೊಂಡಿದ್ದಕ್ಕೆ ನಲವತ್ತು ಜನ ಚಪ್ಪಾಳೆ ಹಾಕಿರೋದು. ಅದರ ಕೆಳಗೆ "ಯಾರಾದ್ರೂ ಬನ್ನಿ" ಅಂತ ಬರೆಯೋಕೆ ಕೈ ಬರ್ಲಿಲ್ಲ ಕಣ್ರೀ. ಸಂಕೋಚ. ಇಬ್ರನ್ನೂ ಕಾರ್ ಸೀಟಿಗೆ ಕಟ್ಟಿ ನಾನೇ ಡ್ರೈವ್ ಮಾಡ್ಕೊಂಡು ಅರ್ಜೆಂಟ್ ಕೇರ್‌ಗೆ ಹೋದೆ, ಎರಡು ಕಡೆ ಕಾರು ಜಾರ್ತು, ಏನೂ ಆಗ್ಲಿಲ್ಲ ದೇವರ ದಯ. ಮಾರನೇ ವಾರ ಗೊತ್ತಾಗಿ ಎಲ್ರೂ ಬೈದ್ರು, "ನಮಗೊಂದು ಫೋನ್ ಮಾಡಬಾರದಿತ್ತಾ" ಅಂತ. ಅವರು ಸುಳ್ಳು ಹೇಳ್ತಿರಲಿಲ್ಲ, ಮಾಡಿದ್ರೆ ಖಂಡಿತ ಬರ್ತಿದ್ರು. ಆದ್ರೆ ತಿಂಗಳಿಗೊಂದು ಸಲ ರೇಷ್ಮೆ ಸೀರೆ ಉಟ್ಕೊಂಡು ಸಿಗೋರ ಹತ್ರ ನಡುರಾತ್ರಿ ನೈಟಿಯಲ್ಲಿ ಸಹಾಯ ಕೇಳೋಷ್ಟು ಸಲುಗೆ ಹುಟ್ಟಿರಲ್ಲ.

ಇದಾದ್ಮೇಲೇ ನಾನು ಪಕ್ಕದ ಊರಿನ ಕತೆ ಓದಿದ್ದು. ನಮ್ಮನೆಯಿಂದ ಅರ್ಧ ಗಂಟೆ, ಪೋಕನೋಸ್ ಬೆಟ್ಟಕ್ಕೆ ಹೋಗೋ ದಾರೀಲಿ ರೊಸೆಟೊ ಅಂತ ಪುಟ್ಟ ಊರಿದೆ, ಎರಡು ಸಾವಿರಕ್ಕೂ ಕಮ್ಮಿ ಜನ. 1882ರಿಂದ ಈಚೆಗೆ ಇಟಲಿಯ ರೊಸೆಟೊ ವಾಲ್ಫೊರ್ಟೊರೆ ಅನ್ನೋ ಹಳ್ಳಿಯಿಂದ ಬಂದೋರು ಸ್ಲೇಟು ಕಲ್ಲಿನ ಗಣಿಯಲ್ಲಿ ಕೆಲಸ ಮಾಡ್ಕೊಂಡು, ತಮ್ಮ ಹಳ್ಳಿ ಹೆಸರನ್ನೇ ಇಟ್ಕೊಂಡು ಕಟ್ಟಿದ ಊರು. ನಾವು ಎಚ್‌ಒನ್‌ಬಿ ಅನ್ನೋ ಕೆಲಸದ ವೀಸಾದಲ್ಲಿ ಬಂದ್ವಿ, ಅವರು ಹಡಗಲ್ಲಿ ಬಂದ್ರು, ಅಷ್ಟೇ ವ್ಯತ್ಯಾಸ ಅನ್ಕೊಳ್ಳಿ (ಅಷ್ಟೇ ಅಲ್ಲ ಬಿಡಿ, ಅವರು ಪಟ್ಟ ಕಷ್ಟ ನಾವು ಪಟ್ಟಿಲ್ಲ). ಅಲ್ಲಿನ ಒಬ್ಬ ಡಾಕ್ಟರು, ಸ್ಟೂವರ್ಟ್ ವುಲ್ಫ್ ಅನ್ನೋ ಮೆಡಿಕಲ್ ಪ್ರೊಫೆಸರ್ ಹತ್ರ ಮಾತಾಡ್ತಾ, ನಮ್ಮೂರಲ್ಲಿ ಅರವತ್ತೈದರ ಒಳಗಿನವರಿಗೆ ಹಾರ್ಟ್ ಅಟ್ಯಾಕ್ ಆಗೋದೇ ಅಪರೂಪ ಅಂದ್ರಂತೆ. ಅಮೆರಿಕದಲ್ಲಿ ಗಂಡಸರು ಹೃದಯಾಘಾತದಲ್ಲಿ ಸಾಲುಸಾಲಾಗಿ ಹೋಗ್ತಿದ್ದ ಕಾಲ ಅದು. ವುಲ್ಫ್ ಮತ್ತೆ ಸಮಾಜಶಾಸ್ತ್ರಜ್ಞ ಜಾನ್ ಬ್ರೂನ್ ಇಬ್ರೂ 1960ರ ದಶಕದ ಮೊದಲಿಂದ ಅಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆದು, ಊಟ ನೋಡಿ, ಸಾವಿನ ದಾಖಲೆ ತಿರುವಿ ಹಾಕಿದ್ರು.

ಊಟ ಚೆನ್ನಾಗಿತ್ತೇನೋ ಅಂದ್ರೆ ಅದೂ ಅಲ್ಲ! ಆಲಿವ್ ಎಣ್ಣೆ ದುಬಾರಿ ಅಂತ ಹಂದಿ ಕೊಬ್ಬಲ್ಲಿ ಅಡುಗೆ ಮಾಡ್ತಿದ್ರು, ಸಿಗಾರ್ ಸೇದ್ತಿದ್ರು, ಮೈ ತುಂಬ್ಕೊಂಡಿದ್ರು. ಜೀನ್ಸ್ ಇರಬಹುದಾ ಅಂದ್ರೆ ಅದೇ ಹಳ್ಳಿಯಿಂದ ಬಂದು ಬೇರೆ ಕಡೆ ನೆಲೆಸಿದ ನೆಂಟರಿಗೆ ಈ ರಕ್ಷಣೆ ಇರ್ಲಿಲ್ಲ. ಗಾಳಿ ನೀರಾ ಅಂದ್ರೆ ಪಕ್ಕಕ್ಕೇ ಅಂಟ್ಕೊಂಡಿರೋ ಬ್ಯಾಂಗರ್ ಊರಿನ ಲೆಕ್ಕ ಮಾಮೂಲಿ. ಎಲ್ಲ ತೆಗೆದ್ಮೇಲೆ ಉಳಿದಿದ್ದು ಅವರು ಬದುಕ್ತಿದ್ದ ರೀತಿ. ಅಜ್ಜಿ, ಮಗ, ಮೊಮ್ಮಕ್ಕಳು ಒಂದೇ ಮನೇಲಿ, ಮನೆಗಳು ಒತ್ತಾಗಿ, ಸಾಯಂಕಾಲ ಆದ್ರೆ ಬಾಗಿಲ ಮುಂದೆ ಹರಟೆ, ದುಡ್ಡಿರೋನು ಮೆರೆಯೋ ಹಾಗಿಲ್ಲ, ಇಲ್ಲದೋನು ತಲೆ ತಗ್ಗಿಸೋ ಹಾಗಿಲ್ಲ. ಓದ್ತಾ ಓದ್ತಾ ನಂಗೆ ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಅಜ್ಜಿ ವಠಾರನೇ ಕಣ್ಮುಂದೆ ಬಂತು. ಏಳು ಮನೆ, ಒಂದು ಬಾವಿ, ಯಾರ ಮನೇಲಿ ಒಗ್ಗರಣೆ ಸೀದ್ರೂ ಎಲ್ರಿಗೂ ಗೊತ್ತು.

ಹೊಟ್ಟೆ ಉರಿಸಿದ್ದು ಇದಲ್ಲ, ಮುಂದಿನ ಭಾಗ. ಆಗಲೇ ಈ ಸಂಶೋಧಕರು ಹೇಳಿದ್ರು, ಇವರೂ ಉಳಿದ ಅಮೆರಿಕನ್ನರ ಹಾಗೆ ಬದುಕೋಕೆ ಶುರು ಮಾಡಿದ್ರೆ ಈ ಅದೃಷ್ಟ ಹೋಗುತ್ತೆ ಅಂತ. ಹಾಗೇ ಆಯ್ತು. ಮಕ್ಕಳು ಓದಿದ್ರು, ದುಡಿದ್ರು, ಊರಂಚಿನಲ್ಲಿ ಬೇಲಿ ಹಾಕಿದ ದೊಡ್ಡ ದೊಡ್ಡ ಮನೆ ಕಟ್ಟಿದ್ರು, ದೊಡ್ಡ ಕಾರು ಬಂತು, ಅಜ್ಜಿ ಬೇರೆ ಉಳಿದ್ಲು. 1935ರಿಂದ 1985ರವರೆಗಿನ ಐವತ್ತು ವರ್ಷದ ಸಾವಿನ ಲೆಕ್ಕ ಹೋಲಿಸಿ 1992ರಲ್ಲಿ ಒಂದು ಪೇಪರ್ ಬಂತು, ಅಷ್ಟೊತ್ತಿಗೆ ರೊಸೆಟೊ ಬ್ಯಾಂಗರ್‌ಗೆ ಸಮ ಆಗಿಬಿಟ್ಟಿತ್ತು. ಚಿಕ್ಕ ಊರು, ಕಮ್ಮಿ ಜನ, ಆದ್ದರಿಂದ ಇದರ ಮೇಲೆ ಅನುಮಾನ ಪಡೋರೂ ಇದ್ದಾರೆ, ಅದು ನ್ಯಾಯನೇ. ಆದ್ರೂ ನಾನು ಒಂದು ಎಕರೆ ಹುಲ್ಲು ನೋಡ್ಕೊಂಡು ಕೂತು ಇದನ್ನ ಓದುವಾಗ ನಮ್ಮದೇ ಜಾತಕ ಓದಿದ ಹಾಗಾಯ್ತು.

ಮೇಲೆ ಒಬ್ಬರು "ಅದು ಇಟಲಿಯವರದ್ದು, ನಮ್ಮ ಬಾಡಿ ಬೇರೆ" ಅಂದಿದ್ದಾರೆ. ಸರಿ, ಏಷ್ಯಾದವರದ್ದೇ ತಗೊಳ್ಳಿ. ಮೈಕೆಲ್ ಮಾರ್ಮಟ್ ಮತ್ತೆ ಲಿಯೊನಾರ್ಡ್ ಸೈಮ್ ಅನ್ನೋ ಸಂಶೋಧಕರು 1976ರಲ್ಲಿ ಕ್ಯಾಲಿಫೋರ್ನಿಯಾದ ಜಪಾನೀಯರ ಮೇಲೆ ಬರೆದಿದ್ದು, ಸುಮಾರು 3,800 ಗಂಡಸರು. ತಮ್ಮವರ ಒಡನಾಟ, ಸಂಪ್ರದಾಯ ಬಿಡದೇ ಬೆಳೆದವರಲ್ಲಿ ಹೃದಯದ ಕಾಯಿಲೆ ಹೆಚ್ಚುಕಮ್ಮಿ ಜಪಾನಲ್ಲಿದ್ದಷ್ಟೇ ಕಮ್ಮಿ, ಪೂರ್ತಿ ಅಮೆರಿಕನ್ ಆಗಿಹೋದವರಲ್ಲಿ ಅದಕ್ಕೆ ಮೂರರಿಂದ ಐದು ಪಟ್ಟು. ಊಟ, ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದ್ಮೇಲೂ ವ್ಯತ್ಯಾಸ ಪೂರ್ತಿ ಹೋಗ್ಲಿಲ್ಲ. ಇನ್ನು ನಮ್ಮವರೇ ಬೇಕು ಅಂದ್ರೆ ವಿವೇಕ್ ಮೂರ್ತಿ ಇದ್ದಾರಲ್ಲ, ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಮಾತಾಡೋ ಅಮೆರಿಕ ಸರ್ಕಾರದ ಮುಖ್ಯ ಡಾಕ್ಟರು) ಆಗಿದ್ದವರು, ಮೂಲ ಮಂಡ್ಯ ಜಿಲ್ಲೆ ಹಲ್ಲೆಗೆರೆ. ಅವರು 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆನೇ ಒಂದು ಅಡ್ವೈಸರಿ ತಂದ್ರು, ಜನರ ಜೊತೆ ಸಂಪರ್ಕ ಇಲ್ಲದೇ ಇರೋದು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟು ಆಯಸ್ಸು ತಿನ್ನಬಹುದು ಅಂತ. ಬೀಡಿ ಸೇದೋ ಮಾವನ್ನ ಬೈತೀವಿ, ಬೇಸ್‌ಮೆಂಟಲ್ಲಿ ಒಬ್ರೇ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿರೋ ಗಂಡನ್ನ ಯಾರೂ ಬೈಯಲ್ಲ.

ಸ್ಕೂಲ್ ರೇಟಿಂಗ್ ವಾದಕ್ಕೆ ಬರ್ತೀನಿ, ಯಾಕಂದ್ರೆ ನಮ್ಮನೇಲೂ ಜಗಳ ಆಗಿದ್ದು ಅದಕ್ಕೇ. ಸುತ್ತಮುತ್ತಲ ಜಾಗ ಮಕ್ಕಳ ಹಣೆಬರಹ ಬದಲಾಯಿಸುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇದೆ. 1990ರ ದಶಕದಲ್ಲಿ ಇಲ್ಲಿ ಐದು ನಗರಗಳ ಬಡ ಕುಟುಂಬಗಳಿಗೆ ಲಾಟರಿ ಹಾಕಿ, ಕೆಲವರಿಗೆ ಒಳ್ಳೆ ಏರಿಯಾಗೆ ಹೋಗೋಕೆ ಬಾಡಿಗೆ ವೋಚರ್ ಕೊಟ್ರು. ರಾಜ್ ಚೆಟ್ಟಿ ಅನ್ನೋ ಅರ್ಥಶಾಸ್ತ್ರಜ್ಞರ ತಂಡ ಆ ಮಕ್ಕಳು ದೊಡ್ಡವರಾದ್ಮೇಲೆ ಟ್ಯಾಕ್ಸ್ ದಾಖಲೆ ನೋಡಿದ್ರೆ, 13 ವರ್ಷದ ಒಳಗೆ ಹೋದವರ ಸಂಪಾದನೆ 31% ಜಾಸ್ತಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಉಪಯೋಗ ಆಗ್ಲಿಲ್ಲ, ಸ್ನೇಹಿತರನ್ನ ಬಿಟ್ಟು ಹೋಗಿದ್ದು ತೊಂದರೆನೇ ಆಗಿರಬಹುದು ಅನ್ನೋ ಹಾಗಿತ್ತು. ಇದೇ ತಂಡ 2022ರಲ್ಲಿ ಫೇಸ್‌ಬುಕ್ಕಿನ 2,100 ಕೋಟಿ ಗೆಳೆತನದ ಲೆಕ್ಕ ಇಟ್ಕೊಂಡು ನೋಡಿದಾಗ ಬಡ ಮಕ್ಕಳ ಏಳಿಗೆ ಜೊತೆ ಎಲ್ಲಕ್ಕಿಂತ ಹೊಂದಿದ ಅಂಶಗಳಲ್ಲಿ ಒಂದು, ಅವರಿಗೆ ಅನುಕೂಲಸ್ಥರ ಮನೆ ಸ್ನೇಹಿತರು ಎಷ್ಟಿದ್ದಾರೆ ಅನ್ನೋದು. ಹೂವಿನಿಂದ ನಾರೂ ಸ್ವರ್ಗಕ್ಕೆ ಅನ್ನೋದು ಇದನ್ನೇ ಅಲ್ವಾ.

ಆದ್ರೆ ತಮ್ಮಾ, ಇದು ಬಡತನದಿಂದ ಹೊರಗೆ ಬಂದವರ ಲೆಕ್ಕ. ಅಪ್ಪ ಅಮ್ಮ ಇಬ್ರೂ ಐಟಿಯಲ್ಲಿರೋ ನಿಮ್ಮ ಮಗೂಗೆ ಎಂಟು ರೇಟಿಂಗಿನ ಸ್ಕೂಲಿಂದ ಹತ್ತು ರೇಟಿಂಗಿನ ಸ್ಕೂಲಿಗೆ ಹೋದ್ರೆ 31% ಬರುತ್ತೆ ಅಂತ ಯಾರೂ ಹೇಳಿಲ್ಲ. ನಿಮ್ಮ ಮಗಳಿಗೆ ಬೇಕಾಗಿರೋದು ಟ್ಯೂಷನ್ ಅಲ್ಲ, ಅಮ್ಮನ ಮೇಲೆ ಸಿಟ್ಟು ಬಂದಾಗ ಹೋಗಿ ಕೂತ್ಕೊಳ್ಳೋಕೆ ಇನ್ನೊಬ್ಬ ಆಂಟಿ ಮನೆ.

ಹಾಗಂತ ನಮ್ಮವರ ಮಧ್ಯೆ ಇದ್ರೆ ಎಲ್ಲ ಸುಖ ಅಂತಾನೂ ಅಲ್ಲ, ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ 12,067 ಜನರ 32 ವರ್ಷದ ಮಾಹಿತಿ ನೋಡಿ 2007ರಲ್ಲಿ ಕ್ರಿಸ್ಟಾಕಿಸ್ ಮತ್ತೆ ಫೌಲರ್ ಅನ್ನೋ ಸಂಶೋಧಕರು ಬರೆದ್ರು, ಸ್ನೇಹಿತ ಬೊಜ್ಜು ಬೆಳೆಸ್ಕೊಂಡ್ರೆ ನಮಗೂ ಬರೋ ಸಾಧ್ಯತೆ 57% ಏರುತ್ತೆ ಅಂತ (ಅದಕ್ಕೂ ಆಕ್ಷೇಪಣೆ ಬಂತು, ಒಂದೇ ತರದವರು ಒಟ್ಟಿಗೆ ಸೇರ್ತಾರಷ್ಟೇ ಅಂತ). ಎಲ್ರೂ ಒಂದೊಂದು ಅಡುಗೆ ತರೋ ನಮ್ಮ ಪಾಟ್‌ಲಕ್ ನೆನಪಿಸ್ಕೊಳ್ಳಿ, ಬಿಸಿಬೇಳೆಬಾತು, ಅದರ ಮೇಲೆ ಬೂಂದಿ, ಮೂರು ತರ ಸ್ವೀಟು, ಬೇಡ ಅಂದ್ರೆ "ಒಂದೇ ಒಂದು ಜಾಮೂನ್ ಏನಾಗಲ್ಲ". ಅದಕ್ಕಿಂತ ಕೆಟ್ಟದ್ದು ಹೋಲಿಕೆ. ಯಾರ ಮಗ ಯಾವ ಕಾಲೇಜು, ಯಾರ ಲೇಆಫ್ ಆಯ್ತು, ಯಾರ ಮನೆಯಲ್ಲಿ ಗಂಡ ಹೆಂಡ್ತಿ ಬೇರೆ ಮಲಗ್ತಾರೆ. ಕೆಲಸ ಹೋಗಿದ್ದನ್ನ ನಾಲ್ಕು ತಿಂಗಳು ಎಲ್ರಿಂದ ಮುಚ್ಚಿಟ್ಟು ದಿನಾ ಬೆಳಿಗ್ಗೆ ಲೈಬ್ರರಿಗೆ ಹೋಗಿ ಕೂತು ಬರ್ತಿದ್ದ ಒಬ್ಬರು ನಂಗೊತ್ತು, ಬೀದಿ ತುಂಬ ಕನ್ನಡದವರೇ ಇದ್ರು. ವಠಾರದಲ್ಲೂ ಇದೇ ಕತೆ, ನಮ್ಮ ಚಿಕ್ಕಮ್ಮನ ಮದುವೆ ಮುರಿದಾಗ ಬಾವಿಕಟ್ಟೆಗೆ ಹೋಗೋಕೆ ಹೆದರಿ ಬೆಳಗಿನ ಜಾವ ನಾಲ್ಕಕ್ಕೆ ನೀರು ಸೇದ್ತಿದ್ರು ಅಂತ ಅಜ್ಜಿ ಹೇಳೋರು.

ಅದಕ್ಕೇ ನಾನು ಕನ್ನಡದವರ ಪಕ್ಕದಲ್ಲೇ ಇರಿ ಅಂತ ಹೇಳ್ತಿಲ್ಲ. ಆ ಮನೆ ಮಾರಿ ನಾವೀಗ ಟೌನ್‌ಹೌಸಲ್ಲಿ ಇದ್ದೀವಿ, ಎಡಗಡೆ ಒಬ್ಬ ಪೋರ್ಟೊರಿಕೊ ಅಜ್ಜಿ, ಬಲಗಡೆ ಒಂದು ತೆಲುಗು ಕುಟುಂಬ, ಕನ್ನಡದವರು ಅಂದ್ರೆ ಎರಡು ಸಾಲು ಆಚೆ ಇರೋ ಹುಬ್ಬಳ್ಳಿಯವರು ಒಬ್ರೇ. ಗೋಡೆ ತೆಳು, ತೆಲುಗಿನವರ ಕುಕ್ಕರ್ ವಿಷಲ್ ನಮಗೆ ಕೇಳುತ್ತೆ, ನಮ್ಮ ಜಗಳ ಅವರಿಗೆ ಕೇಳುತ್ತೆ. ನಮ್ಮ ಮನೆ ಕೀ ಆ ಅಜ್ಜಿ ಹತ್ರ ಇದೆ. ಮಗಳು ಅವರಿಂದ ಸ್ಪ್ಯಾನಿಷ್ ಬೈಗುಳ ಕಲಿತಿದ್ದಾಳೆ, ಕನ್ನಡ ಮಾತ್ರ ಎಳೆದು ಎಳೆದು ಮಾತಾಡ್ತಾಳೆ, ಅದೊಂದು ಕೊರಗು ನಂಗೆ ಇದ್ದೇ ಇದೆ, ಭಾನುವಾರದ ಕನ್ನಡ ಕ್ಲಾಸಿಗೆ ನಲವತ್ತು ನಿಮಿಷ ಡ್ರೈವ್. ಇವರ ಶುಗರ್ ಬಾರ್ಡರಲ್ಲಿತ್ತು, ಈಗ ರಾತ್ರಿ ಊಟ ಆದ್ಮೇಲೆ ಹುಬ್ಬಳ್ಳಿಯವರು "ಬರ್ರೀ ಸರ್" ಅಂತ ಬಾಗಿಲಲ್ಲಿ ನಿಂತ್ರೆ ತಪ್ಪಿಸ್ಕೊಳ್ಳೋ ಹಾಗಿಲ್ಲ, ಇಬ್ರೂ ಮುಕ್ಕಾಲು ಗಂಟೆ ಸುತ್ತಿ ಬರ್ತಾರೆ, ಶುಗರ್ ಇಳಿದಿದೆ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಕೂಡ ನುಂಗ್ತಿದ್ದಾರೆ, ಪೂರ್ತಿ ಕ್ರೆಡಿಟ್ ಹುಬ್ಬಳ್ಳಿಗೆ ಕೊಡೋಕಾಗಲ್ಲ.

ನೀವು ಕೇಳಿದ್ದಕ್ಕೆ ನೇರ ಉತ್ತರ, ಎರಡೂ ಮನೆ ಭಾನುವಾರದ ಓಪನ್ ಹೌಸಲ್ಲಿ (ಮಾರೋ ಮನೇನ ಎಲ್ರಿಗೂ ತೆರೆದು ತೋರಿಸೋ ದಿನ) ನೋಡ್ಬೇಡಿ. ಮಂಗಳವಾರವೋ ಬುಧವಾರವೋ ಸಾಯಂಕಾಲ ಆರಕ್ಕೆ ಹೋಗಿ ಕಾರಲ್ಲಿ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ. ಮಕ್ಕಳು ಹೊರಗೆ ಬರ್ತಾರಾ, ಗರಾಜ್ ಬಾಗಿಲು ತೆರೆದು ಕಾರು ಒಳಗೆ ಹೋಗಿ ಮುಚ್ಕೊಳ್ಳುತ್ತಾ ಅಷ್ಟೇನಾ, ಯಾರಾದ್ರೂ ಬಂದು ಏನ್ ಬೇಕಿತ್ತು ಅಂತ ಕೇಳ್ತಾರಾ ನೋಡಿ. ಮಗಳಿಗೆ ಎಂಟು ವರ್ಷ ಅಂದ್ರಲ್ಲ, ಅವಳನ್ನೂ ಕರ್ಕೊಂಡು ಹೋಗಿ. ದೊಡ್ಡ ಮನೆ ಬೀದಿಯಲ್ಲೇ ಜನ ಚೆನ್ನಾಗಿದ್ರೆ ಅದನ್ನೇ ತಗೊಳ್ಳಿ, ನನ್ನ ಮಾತು ಕೇಳ್ಬೇಡಿ.

ಈ ಕಡೆ ಮನೆ ನೋಡೋಕೆ ಬಂದ್ರೆ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಫೋನ್ ಮಾಡಿ ಬಂದ್ರೆ ಪಲ್ಯ ಹಪ್ಪಳ ಎಲ್ಲ ಇರುತ್ತೆ, ಹಾಗೇ ಬಂದ್ರೆ ಸಾರು ಅನ್ನ.