ಡಿಜಿಟಲ್ ರೇಡಿಯೊ ಬರುವವರೆಗೆ ಕಾಯಬೇಕಾ?

ಪ್ರಶ್ನೆ: ನಮ್ಮದು ಕಾಲೇಜಿನ ಸಮುದಾಯ ಬಾನುಲಿ. 50 ವಾಟ್‌ನ ಎಫ್‌ಎಂ ಟ್ರಾನ್ಸ್‌ಮಿಟರ್ ಹಳೆಯದಾಗಿದೆ. ಹೊಸದು ಕೊಳ್ಳೋಣವೋ, ಡಿಜಿಟಲ್‌ಗೆ ಕಾಯೋಣವೋ? ಅದಕ್ಕೆ ಸ್ಪೆಕ್ಟ್ರಂ, ಅಂದರೆ ಪ್ರಸಾರಕ್ಕೆ ಬೇಕಾದ ತರಂಗಾಂತರದ ಜಾಗ, ಎಲ್ಲಿಂದ ಸಿಗುತ್ತದೆ? ಅನುಭವ ಇದ್ದವರು ಹೇಳಿ.

ಪ್ರಸಾರ ಎಂಜಿನಿಯರ್, ಬೆಂಗಳೂರು: ಸರ್, ಕಾಯಬೇಡಿ. ಸ್ಪೆಕ್ಟ್ರಂಗೆ ತೀರಾ ಬರವೇನಿಲ್ಲ. ಬೆಂಗಳೂರಿನ ಡಯಲ್ ನೋಡಿ: 91.1, 91.9, 92.7, 93.5. ನಿಲಯದಿಂದ ನಿಲಯಕ್ಕೆ 800 ಕಿಲೋಹರ್ಟ್ಸ್ ಅಂತರ. ಎಫ್‌ಎಂಗೆ ಬೇಕಾಗುವುದು ಸುಮಾರು 200. ಡಿಆರ್‌ಎಂ ಪದ್ಧತಿಯ ಡಿಜಿಟಲ್ ಪ್ರಸಾರಕ್ಕೆ 96 ಸಾಕು, ಅಷ್ಟರಲ್ಲೇ ಮೂರು ಕಾರ್ಯಕ್ರಮ ಕಳಿಸಬಹುದು. ಹಾಗಾಗಿ ಈಗಿನ ಎಫ್‌ಎಂ ಪಕ್ಕದಲ್ಲೇ ಜಾಗ ಆಗುತ್ತದೆ. ಪವರ್ ಮಾತ್ರ ಕಡಿಮೆ ಇಡಬೇಕು, ಇಲ್ಲದಿದ್ದರೆ ಪಕ್ಕದ ನಿಲಯದಲ್ಲಿ ಸದ್ದು ಬರುತ್ತದೆ. ಯುರೋಪಿನ ಡಿಜಿಟಲ್ ಪದ್ಧತಿ ಡಿಎಬಿ ಬೇರೆ ಥರ. ಅದಕ್ಕೆ 174 ಮೆಗಾಹರ್ಟ್ಸ್‌ನಿಂದ ಮೇಲೆ, ಹಿಂದೆ ಟಿವಿ ಇದ್ದ ಕಡೆ, ಒಂದೂವರೆ ಮೆಗಾಹರ್ಟ್ಸ್‌ನ ಬ್ಲಾಕ್ ಬೇಕು. ಒಂದು ಬ್ಲಾಕನ್ನು ಹಲವು ನಿಲಯಗಳು ಹಂಚಿಕೊಳ್ಳುತ್ತವೆ. ಚಿಕ್ಕ ನಿಲಯಕ್ಕೆ ಒಂಟಿಯಾಗಿ ಅದು ಭಾರ.

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2025ರ ಅಕ್ಟೋಬರ್‌ನಲ್ಲಿ ಖಾಸಗಿ ನಿಲಯಗಳಿಗಾಗಿ ಶಿಫಾರಸು ಮಾಡಿದೆ: ಈಗಿನ ಎಫ್‌ಎಂ ಬ್ಯಾಂಡ್‌ನಲ್ಲೇ, ಎಫ್‌ಎಂ ಜೊತೆಗೇ ಡಿಜಿಟಲ್, ದೇಶಕ್ಕೆಲ್ಲ ಒಂದೇ ಪದ್ಧತಿ, ಮೊದಲು 13 ದೊಡ್ಡ ನಗರಗಳಲ್ಲಿ. ಅದರಲ್ಲಿ ಬೆಂಗಳೂರೂ ಇದೆ. ಕೊಳ್ಳುವಾಗ ಒಂದು ಮಾತು ಕೇಳಿ: ಆಂಪ್ಲಿಫೈಯರ್ ಲೀನಿಯರ್ ಆಗಿ, ಅಂದರೆ ಸಿಗ್ನಲ್ ರೂಪ ಕೆಡಿಸದೆ, ಓಡುತ್ತದೆಯೇ, ಮುಂದೆ ಡಿಜಿಟಲ್ ಎಕ್ಸೈಟರ್ (ಪ್ರಸಾರದ ಸಿಗ್ನಲ್ ತಯಾರಿಸುವ ಭಾಗ) ಕೂಡಿಸಬಹುದೇ? ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ.

ಆಕಾಶವಾಣಿ ಕೇಳುಗ: ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಮೀಡಿಯಂ ವೇವ್‌ನಲ್ಲಿ ಎಲ್‌ಇಡಿ ಬಲ್ಬ್ ಹಾಕಿದರೂ ಗರಗರ. ಡಿಆರ್‌ಎಂನಲ್ಲಿ ಅದೆಲ್ಲ ಇಲ್ಲ, ಬಂದರೆ ಸ್ವಚ್ಛ. ಸಿಗ್ನಲ್ ಸಾಲದಿದ್ದರೆ ಪೂರ್ತಿ ಮೌನ. ಆದರೆ ಸೆಟ್ ಎಲ್ಲಿದೆ ಹೇಳಿ? ಕೆಲವು ಹೊಸ ಕಾರುಗಳಲ್ಲಿ ಇದೆ. ಅಂಗಡಿಯಲ್ಲಿ ಕೇಳಿದರೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಆಕಾಶವಾಣಿ ಇಷ್ಟು ವರ್ಷ ಡಿಜಿಟಲ್ ಕಳಿಸಿದರೂ ಕೇಳುವವರು ಕಡಿಮೆ, ಅದು ನಿಜಕ್ಕೂ ಬೇಜಾರು.

ಓಸ್ಲೋದ ಕನ್ನಡತಿ: ನಾರ್ವೆಯಲ್ಲಿ 2017ರಲ್ಲಿ ರಾಷ್ಟ್ರೀಯ ನಿಲಯಗಳು ಎಫ್‌ಎಂ ಬಿಟ್ಟವು. ಹಳೆ ಕಾರಿನವರು ಅಡಾಪ್ಟರ್ ಕೊಳ್ಳಬೇಕಾಯಿತು. ಹಲವು ಸಣ್ಣ ಸ್ಥಳೀಯ ನಿಲಯಗಳಿಗೆ ಮಾತ್ರ ಎಫ್‌ಎಂನಲ್ಲೇ ಉಳಿಯಲು ಬಿಟ್ಟರು. ನಿಮ್ಮದೂ ಅಂಥದ್ದೇ ಅಲ್ವಾ? ಸುತ್ತಲಿನ ಹಳ್ಳಿಗಳಲ್ಲಿ ಯಾರು ಯಾವ ಸೆಟ್‌ನಲ್ಲಿ ಕೇಳುತ್ತಾರೆ ಅಂತ ವಿದ್ಯಾರ್ಥಿಗಳನ್ನು ಕಳಿಸಿ ವಿಚಾರಿಸಿ. ಆಮೇಲೆ ಕೊಟೇಶನ್ ತರಿಸಿ.