ಕೆಲಸ ಮುಗಿದ ಕಾರನ್ನು ಮಾರಬೇಕೇ? ಓದುಗರ ಸ್ಪಂದನ

1971ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಐದು ಗೇರಿನ ಗೇರ್‌ಬಾಕ್ಸನ್ನೂ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೂ ಜೋಡಿಸಿ, ಆರು ವರ್ಷ ದುಡಿದು ಅದನ್ನು ತಮ್ಮ ಮನಸ್ಸಿಗೊಪ್ಪುವಂತೆ ಸಿದ್ಧಪಡಿಸಿದ ಓದುಗರೊಬ್ಬರು, ಈಗ ಕೈ ಸುಮ್ಮನಿರುತ್ತಿಲ್ಲವಾದ್ದರಿಂದ ಅದನ್ನು ಮಾರಿ, ದುರಸ್ತಿ ಮಾಡಲು ಹಳೆಯ ಟ್ರಯಂಫ್ ಸ್ಪಿಟ್‌ಫೈರ್ ಕಾರು ಕೊಳ್ಳಲೋ ಡಾಟ್ಸನ್ 240 ಝಡ್ ಕೊಳ್ಳಲೋ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಇದೇ ತಪ್ಪನ್ನು ನಾನು ಹನ್ನೊಂದು ವರ್ಷಗಳ ಹಿಂದೆ ಮಾಡಿದ್ದೇನೆ. ಕೀಲಿ ತಿರುಗಿಸಿದರೆ ಸಾಕು, ಹೊರಡುತ್ತಿದ್ದ ಸ್ಪಿಟ್‌ಫೈರನ್ನು ಮಾರಿ, ಆ ಹಣದಲ್ಲಿ ತುಕ್ಕು ಹಿಡಿದ ಎಂಜಿಬಿಯೊಂದನ್ನು ಮನೆಗೆ ತಂದೆ. ಸ್ಪಿಟ್‌ಫೈರಿಗೆ ಇರುವಂತೆ ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ಬಾಡಿಯೇ ಭಾರ ಹೊರುತ್ತದೆ, ಅದರಲ್ಲಿಯೂ ಬಾಗಿಲ ಕೆಳಗಿನ ಸಿಲ್‌ಗಳು ಬಹುಪಾಲು ಹೊರುತ್ತವೆ. ಇದು ಗೊತ್ತಿದ್ದೂ, ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಿಗಿಯದೆ, ಎರಡೂ ಸಿಲ್‌ಗಳನ್ನು ಒಂದೇ ಭಾನುವಾರ ಕತ್ತರಿಸಿ ತೆಗೆದೆ. ಸಂಜೆ ಬಾಗಿಲು ಮುಚ್ಚಲು ಹೋದರೆ ಅದರ ಹಿಂದಿನ ಅಂಚು ಬಾಡಿಗೆ ತಗುಲಿ ನಿಂತಿತು. ಕಾರಿನ ನಡು ಕುಸಿದಿತ್ತು. ಬಿಚ್ಚಿದ ಆ ಬಾಗಿಲು ಇಂದಿಗೂ ಗೋಡೆಗೆ ಒರಗಿಕೊಂಡಿದೆ. ನನ್ನ ಹಳೆಯ ಸ್ಪಿಟ್‌ಫೈರು ಒಮ್ಮೆ ರಸ್ತೆಯಲ್ಲಿ ಎದುರಾಯಿತು. ಓಡಿಸುತ್ತಿದ್ದ ಹುಡುಗಿ ಕೈ ಬೀಸಿದಳು, ನನಗೆ ಕೈ ಎತ್ತಲಾಗಲಿಲ್ಲ. ಇನ್ನೊಂದು ಕಾರನ್ನು ಬೇಕಿದ್ದರೆ ತನ್ನಿ, ಆದರೆ ಓಡುವುದನ್ನು ಮಾತ್ರ ಮಾರಬೇಡಿ.

ಈ ಪತ್ರವನ್ನು ಕತ್ತರಿಸದೆ ಪ್ರಕಟಿಸಿದ್ದೇವೆ. ಮುಂದಿನದು ಬಂದದ್ದೇ ಇಷ್ಟು.

ಕಿತ್ತುಹಾಕಿದ ಮೂಲ ಗೇರ್‌ಬಾಕ್ಸನ್ನು ಜೋಪಾನವಾಗಿ ಇಟ್ಟಿದ್ದೀರಾ? ಇಲ್ಲವಾದರೆ ದಯವಿಟ್ಟು ಇನ್ನೊಂದು ಹಳೆಯ ಕಾರನ್ನು ಮುಟ್ಟಬೇಡಿ.

ಮಾತು ಗಡುಸಾಯಿತು, ಆದರೂ ಮೂಲ ಭಾಗಗಳನ್ನು ಎತ್ತಿಡಬೇಕೆಂಬುದನ್ನು ಅಲ್ಲಗಳೆಯಲಾರೆವು. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಿದವರು ಒಬ್ಬರೇ.

ಸ್ಪಿಟ್‌ಫೈರನ್ನೇ ಆರಿಸಿ. ಅದರ ಬಾನೆಟ್ಟು ಎರಡೂ ಬದಿಯ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ, ಮುಂದಿನ ಟೈರಿನ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದು. ನನ್ನಂತೆ ಬೆನ್ನುನೋವಿನವರಿಗೆ ಇದು ಸಣ್ಣ ಸಂಗತಿಯಲ್ಲ. 240 ಝಡ್‌ನ 2393 ಸಿಸಿಯ ಆರು ಸಿಲಿಂಡರ್ ಎಂಜಿನ್ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಅಂಥ ಕಾರನ್ನು ನೋಡಲು ಹೋದಾಗ ಬ್ಯಾಟರಿ ತಟ್ಟೆಯ ಕೆಳಗೆ ಕೈ ಹಾಕಿ. ಬೆರಳಿಗೆ ತಗಡಿನ ಬದಲು ಪುಡಿ ಸಿಕ್ಕರೆ ಬೆಲೆಯನ್ನೂ ಕೇಳದೆ ಹಿಂದಿರುಗಿ.

ಕೊನೆಯ ಪತ್ರದವರು ಬೇರೆಯೇ ದಾರಿ ಹಿಡಿದಿದ್ದಾರೆ.

ನಿಮ್ಮ ಎಂಜಿಬಿಯ ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕೊಡುವ ಎರಡು ಎಸ್‌ಯು ಕಾರ್ಬೊರೇಟರ್‌ಗಳು ಸಮವಾಗಿ ಗಾಳಿ ಎಳೆಯುತ್ತಿವೆಯೇ? ಏರ್ ಫಿಲ್ಟರ್‌ಗಳನ್ನು ಬಿಚ್ಚಿ, ಬಿಸಿಯಾದ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೂ ಹಿಡಿಯಿರಿ. ಎರಡರ ಸುಯ್ಯೆನ್ನುವ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿ, ಆಮೇಲೆ ಒಂದು ಸುತ್ತು ಹೋಗಿ ಬನ್ನಿ.

ಪ್ರಶ್ನೆ ಇದಾಗಿರಲಿಲ್ಲ, ಆದರೂ ಪತ್ರವನ್ನು ಕೈಬಿಡಲು ನಮಗೆ ಮನಸ್ಸಾಗಲಿಲ್ಲ. ಕೆಲಸ ಮುಗಿದಂದಿನಿಂದ ಆ ಎಂಜಿಬಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಪ್ರಶ್ನೆ ಕೇಳಿದವರು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.